ಸೊವೆಟೊ ನಗರದಲ್ಲಿ ಒಂದು ಆದಿತ್ಯವಾರ

ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್ ನಗರದ ಹೆಸರು ನಮ್ಮ ವಾಚಕರಿಗೆ ಹೊಸದಲ್ಲ. ಅನ್ಯಾಯದ ಕಾನೂನಿಗೆ ತಲೆಬಾಗಲಾರೆವೆಂದು ಅಲ್ಲಿಯ ಭಾರತೀಯರು ಮಹಾತ್ಮಾ ಗಾಂಧಿಯವರೊಡನೆ ಪ್ರತಿಜ್ಞೆ ಕೈಕೊಂಡುದು ೧೯೦೬ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ, ಆ ನಗರದಲ್ಲಿಯೇ. ಆದರೆ ಅದರ ನೈರುತ್ಯಕ್ಕೆ ಸುಮಾರು ಹತ್ತು ಹನ್ನೆರಡು ಮೈಲಿಗಳಾಚೆ, ಲಕ್ಷಗಟ್ಟಲೆ ಜನರು ವಾಸಮಾಡುವ ಸೊವೆಟೊ ಎಂಬ ಊರಿನ ಸಂಗತಿಯನ್ನು ನಮ್ಮಲ್ಲಿ ಬಲ್ಲವರು ಕಡಮೆ. ಈಚೆಗೆ ಆ ನಗರದ ನಂಟರ ಮನೆಯಲ್ಲಿ ಕೆಲವು ದಿನ ತಂಗಿದ್ದಾಗ, ಒಂದು ಆದಿತ್ಯವಾರವನ್ನು ಸೊವೆಟೊದಲ್ಲಿ ಕಳೆಯುವ ಸುಯೋಗ ನಮಗೆ ಒದಗಿತು. ಅಲ್ಲಿ ಕಂಡುದನ್ನೂ ಕೇಳಿದುದನ್ನೂ ವಾಚಕರ ಮುಂದಿಡುತ್ತೇವೆ.

ಬೆಳಗ್ಗೆ ಏಳು ಗಂಟೆಗೆ ಮೋಟಾರಿನಲ್ಲಿ ಹೊರಟೆವು. ದಾರಿಯ ಪಕ್ಕದಲ್ಲಿ ಹಳದಿ ಬಣ್ಣದ ಚಪ್ಪಟೆ ದಿಬ್ಬಗಳು ಕಾಣಿಸಿದುವು. ಅವು ದೇವರು ಮಾಡಿದ ಬೆಟ್ಟಗಳಲ್ಲ. ಚಿನ್ನದ ಗಣಿಗಳಿಂದ ತೆಗೆದು ಸುರಿದ ಮಣ್ಣಿನ ರಾಶಿಗಳು. ಕೋಲಾರದ ಚಿನ್ನದ ಗಣಿಯ ಬಳಿಯ ದಿಬ್ಬಗಳನ್ನು ಕಂಡ ನಮಗೆ ಅವುಗಳ ಗುರುತು ಸುಲಭವಾಗಿ ಹತ್ತಿತು. ೧೮೮೬ರಲ್ಲಿ ಇಲ್ಲಿ ಚಿನ್ನ ಸಿಕ್ಕಿತು. ಅದನ್ನು ಅಗೆಯಲು ದೂರದ ಹಳ್ಳಿಗಳಿಂದ ಕಪ್ಪು ಜನರು ಬಂದರು. ಅವರ ದುಡಿಮೆ ನಗರಕ್ಕೆ ಬೇಕಾಗಿತ್ತು, ಅವರ ನೆರೆಹೊರೆ ಬೇಕಾಗಿರಲಿಲ್ಲ. ಆದುದರಿಂದ ಅವರನ್ನು ನಗರದ ಹೊರಗೆ, ಸಾಲುಸಾಲಾದ ಸಣ್ಣ ಮನೆಗಳಲ್ಲಿ ಇರಿಸಿದರು. ‘ಸೊವೆಟೊ’ ಎಂಬುದು ಯಾವ ದೇವತೆಯ ಹೆಸರೂ ಅಲ್ಲ, ಯಾವ ಹಿರಿಯನ ಹೆಸರೂ ಅಲ್ಲ. ‘ನೈರುತ್ಯದ ವಸತಿಗಳು’ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿ ೧೯೬೩ರಲ್ಲಿ ಇಟ್ಟ ಹೆಸರು ಅದು. ಹೆಸರಿಡುವಾಗ ಕೂಡ ಆ ಜನರ ಮುಖವನ್ನು ಯಾರೂ ನೋಡಲಿಲ್ಲವೆಂದು ನಮಗೆ ತೋರಿತು.

ಊರೊಳಕ್ಕೆ ಬರುತ್ತಲೇ ಬೀದಿಗಳು ಬಣ್ಣಬಣ್ಣವಾಗಿ ತುಂಬಿದುವು. ಕೆಂಪು ರವಕೆ, ಕಪ್ಪು ಲಂಗ, ಬಿಳಿಯ ಟೊಪ್ಪಿಗೆ ಧರಿಸಿದ ಮೆಥೊಡಿಸ್ಟ್ ಪಂಥದ ಹೆಂಗಸರು ಗುಂಪುಗುಂಪಾಗಿ ನಡೆಯುತ್ತಿದ್ದರು. ನೇರಿಳೆ ಬಣ್ಣದ ಮೇಲಂಗಿಯನ್ನು ಹೆಗಲಿಗೆ ಹೊದೆದ ಕ್ಯಾಥೊಲಿಕ್ ಸ್ತ್ರೀಯರು ಬಸ್ಸಿಗಾಗಿ ಕಾದಿದ್ದರು. ಎದೆಯ ಮೇಲೆ ನಕ್ಷತ್ರದ ಬಿಲ್ಲೆ ತೊಟ್ಟ ಗಂಡಸರನ್ನು ತೋರಿಸಿ, ಅವರು ಜಯನ್ ಕ್ರೈಸ್ತಸಭೆಯವರೆಂದು ನಮ್ಮ ನಂಟರು ಹೇಳಿದರು. ಇನ್ನು ಕೆಲವರಿಗೆ ಮಂದಿರವೇ ಇಲ್ಲ. ಬಿಳಿಯ ನಿಲುವಂಗಿ ತೊಟ್ಟು ಬಯಲಿನಲ್ಲಿ ಬರಿಗಾಲಿನಿಂದ ಸುತ್ತುಗಟ್ಟಿ ನಿಂತು ಪ್ರಾರ್ಥಿಸುತ್ತಿದ್ದರು. ವಾರವಿಡೀ ಪರರ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸು ಈ ಒಂದು ದಿನ ತನ್ನ ಮಡಿಯ ಉಡುಪನ್ನುಟ್ಟು ರಾಣಿಯಂತೆ ನಡೆಯುವುದನ್ನು ಕಂಡು, ಆ ಉಡುಪಿನ ಬೆಲೆಯೇನೆಂಬುದು ನಮಗೆ ಅರಿವಾಯಿತು.

ನಾವು ಹೋದುದು ರೆಜೀನಾ ಮುಂಡಿ ಎಂಬ ಕ್ಯಾಥೊಲಿಕ್ ದೇವಾಲಯಕ್ಕೆ. ಲ್ಯಾಟಿನ್ ಭಾಷೆಯ ಈ ಹೆಸರಿಗೆ ‘ಲೋಕದ ರಾಣಿ’ ಎಂದರ್ಥ. ೧೯೬೨ರಲ್ಲಿ ಪೂರ್ಣಗೊಂಡ ಈ ಕಟ್ಟಡವು ಹೊರಗಿನಿಂದ ದೊಡ್ಡದೊಂದು ಉಗ್ರಾಣದಂತೆ ಸಾದಾ ಆಗಿದೆ; ಒಳಗೆ ಎರಡು ಸಾವಿರ ಜನ ಕುಳಿತುಕೊಳ್ಳಬಹುದು. ಬಾಗಿಲಲ್ಲಿ ಅರವತ್ತನ್ನು ದಾಟಿದ ಮಹಿಳೆಯೊಬ್ಬರು, “ಸನಿಬೋನಾನಿ” ಎಂದು ಕೈಹಿಡಿದು ಸ್ವಾಗತಿಸಿದರು. ಇದು ಜುಲು ಭಾಷೆಯ ನಮಸ್ಕಾರ. ಇದರ ಅಕ್ಷರಾರ್ಥವು ‘ನಾವು ನಿಮ್ಮನ್ನು ಕಂಡೆವು’ ಎಂದು. ನಂಟರಿಗೆ ಅವರು ಹಳೆಯ ಪರಿಚಿತರು. ‘ಮಮಾ’ ಎಂದೇ ಎಲ್ಲರೂ ಅವರನ್ನು ಕರೆಯುತ್ತಿದ್ದರು. ನಾವೂ ಹಾಗೆಯೇ ಕರೆದೆವು.

ಪೂಜೆಯು ಹಾಡಿನಿಂದ ಮೊದಲಾಯಿತು. ಯಾರೋ ಒಬ್ಬ ಹೆಂಗಸು ಕುಳಿತಲ್ಲಿಂದಲೇ ಒಂದು ಸಾಲನ್ನೆತ್ತಿದಳು. ಅದು ಮುಗಿಯುವುದರೊಳಗೆ ನೂರು ಕಂಠಗಳು ಅದನ್ನು ಎತ್ತಿಕೊಂಡುವು. ಗಂಡಸರ ಮಂದ್ರಸ್ವರ ನೆಲದೊಳಗಿಂದ ಬಂದಂತೆ ಬಂದು ಸೇರಿತು. ಆಮೇಲೆ ಮದ್ದಳೆ ಮೊಳಗಿತು. ಚರ್ಮ ಬಿಗಿದ ಮರದ ದೊಡ್ಡ ವಾದ್ಯ ಅದು. ಕಾಣಿಕೆಯನ್ನು ಒಪ್ಪಿಸುವವರು ಬುಟ್ಟಿಗಳನ್ನು ತಲೆಯ ಮೇಲಿಟ್ಟು, ಹೆಜ್ಜೆ ಹಾಕುತ್ತ, ತೂಗಾಡುತ್ತ ಪೂಜಾವೇದಿಕೆಯವರೆಗೆ ಬಂದರು. ಹೆಂಗಸರು ನಾಲಗೆಯನ್ನು ಅಲುಗಿಸಿ ಹರ್ಷಧ್ವನಿ ಮಾಡಿದರು. ವಾಚನವೊಂದು ಜುಲುವಿನಲ್ಲಿ, ಇನ್ನೊಂದು ಸೋಥೊ ಭಾಷೆಯಲ್ಲಿ. ಉಪದೇಶದಲ್ಲಿ ಇಂಗ್ಲಿಷೂ ಸೇರಿತು. ಎರಡೂವರೆ ಗಂಟೆ ಕಳೆದುದು ನಮಗೆ ತಿಳಿಯಲಿಲ್ಲ. ನಮ್ಮ ಊರಿನ ಭಜನೆಯ ಮನೆಯಲ್ಲಿ ತಾಳ ಏರಿದಾಗ ಮೈಮರೆಯುವ ಹಿರಿಯರ ನೆನಪಾಯಿತು.

ಆದರೆ ಈ ಮದ್ದಳೆ ಇಲ್ಲಿಗೆ ಬರಲು ಬಹುಕಾಲ ಬಾಗಿಲಲ್ಲಿ ಕಾಯಬೇಕಾಯಿತು. ಹಿಂದಿನ ಕಾಲದಲ್ಲಿ ಬಿಳಿಯ ಪಾದ್ರಿಗಳಲ್ಲಿ ಅನೇಕರು ಮದ್ದಳೆ ಎಂದೊಡನೆ ಪಿತೃಪೂಜೆಯನ್ನೂ ಕುಣಿತವೆಂದೊಡನೆ ಅನಾಚಾರವನ್ನೂ ನೆನೆದು ಎರಡನ್ನೂ ನಿಷೇಧಿಸಿದರು. ದೇವರನ್ನು ಬೇಡಲು ಮೊದಲು ಪರದೇಶದ ಉಡುಪು, ಪರದೇಶದ ರಾಗ ಬೇಕಾದುವು. ಆದರೂ ಜನರ ಹಾಡು ಪೂರ್ತಿಯಾಗಿ ಅಡಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ನ್ಸಿಕಾನಾ ಎಂಬ ಖೋಸಾ ಜನಾಂಗದ ಭಕ್ತನು ತನ್ನ ಮಾತಿನಲ್ಲಿ, ತನ್ನ ಜನರ ರಾಗದಲ್ಲಿ ಸ್ತೋತ್ರ ಕಟ್ಟಿದನು. ೧೮೯೨ರಲ್ಲಿ ಮಂಗೇನಾ ಮೊಕೋನೆ ಎಂಬ ಬೋಧಕರು ಬಿಳಿಯರ ಅಧೀನವನ್ನು ಬಿಟ್ಟು ಪ್ರಿಟೋರಿಯಾ ನಗರದಲ್ಲಿ ಇಥಿಯೋಪಿಯನ್ ಸಭೆಯನ್ನು ಸ್ಥಾಪಿಸಿದರು. ೧೮೯೭ರಲ್ಲಿ ಎನೊಕ್ ಸೊಂಟೋಂಗಾ ಎಂಬ ಶಾಲಾ ಉಪಾಧ್ಯಾಯರು ಆಫ್ರಿಕವನ್ನು ಹರಸೆಂದು ದೇವರನ್ನು ಬೇಡುವ ಗೀತವೊಂದನ್ನು ರಚಿಸಿದರು. ಇಂದು ಅದರ ಭಾಗವು ಆ ದೇಶದ ರಾಷ್ಟ್ರಗೀತದಲ್ಲಿ ಸೇರಿದೆ. ೧೯೬೨ರಿಂದ ೧೯೬೫ರ ವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜೆಯಲ್ಲಿ ದೇಶಭಾಷೆಗಳಿಗೆ ಸಮ್ಮತಿಯಿತ್ತ ತರುವಾಯ, ಕ್ಯಾಥೊಲಿಕ್ ಮಂದಿರಗಳಲ್ಲಿ ಮದ್ದಳೆಗೂ ಎಡೆ ದೊರೆಯಿತು. ಜರ್ಮನಿಯಿಂದ ನಮ್ಮ ನಾಡಿಗೆ ಬಂದ ಕಿಟ್ಟೆಲ್ ಮಹಾಶಯರು ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸುಗಳಲ್ಲಿ ಬರೆದು ೧೮೬೨ರಲ್ಲಿ ‘ಕಥಾಮಾಲೆ’ಯೆಂದು ಅಚ್ಚುಹಾಕಿಸಿದುದು ಇಲ್ಲಿ ನೆನಪಿಗೆ ಬಾರದಿರಲಿಲ್ಲ. ಪರದೇಶದಿಂದ ಬಂದವರೆಲ್ಲರೂ ನಾಡಿನ ನುಡಿಗೆ ಕಿವಿಮುಚ್ಚಿದವರಲ್ಲ.

ಪೂಜೆ ಮುಗಿದ ಬಳಿಕ ಮಮಾ ನಮಗೆ ಮಂದಿರವನ್ನು ತೋರಿಸಿದರು. ಒಂದು ಗೋಡೆಯಲ್ಲಿ ಕಪ್ಪು ವರ್ಣದ ಮರಿಯಮ್ಮನವರು ಕಪ್ಪು ಮಗುವನ್ನು ಎತ್ತಿಕೊಂಡಿರುವ ದೊಡ್ಡ ಚಿತ್ರವಿದೆ. ಲ್ಯಾರಿ ಸ್ಕಲಿ ಎಂಬ ಚಿತ್ರಕಾರರು ೧೯೭೩ರಲ್ಲಿ ಬರೆದುದು. ಪೂಜಾವೇದಿಕೆಯ ಅಮೃತಶಿಲೆಯ ಒಂದು ಮೂಲೆ ಮುರಿದಿತ್ತು. ಮಮಾ ತಲೆಯೆತ್ತಿ ನೋಡುವಂತೆ ಹೇಳಿದರು. ಮಾಳಿಗೆಯಲ್ಲಿ ಸಣ್ಣ ಸಣ್ಣ ರಂಧ್ರಗಳು!

೧೯೭೬ರ ಜೂನ್ ೧೬ರಂದು ಸೊವೆಟೊದ ವಿದ್ಯಾರ್ಥಿಗಳು, ತಮ್ಮ ಪಾಠಗಳನ್ನು ಆಫ್ರಿಕಾನ್ಸ್ ಭಾಷೆಯಲ್ಲಿ ಕಲಿಯಬೇಕೆಂದು ಸರಕಾರವು ಹೊರಿಸಿದ ಕಟ್ಟಳೆಯನ್ನು ವಿರೋಧಿಸಿ ಬೀದಿಗಿಳಿದರು. ಪೋಲೀಸರು ಗುಂಡು ಹಾರಿಸಿದರು. ಹೆಕ್ಟರ್ ಪೀಟರ್ಸನ್ ಎಂಬ ಬಾಲಕನು ಮಡಿದನು. ಅವನನ್ನು ಎತ್ತಿಕೊಂಡು ಓಡುತ್ತಿರುವ ತರುಣನ ಛಾಯಾಚಿತ್ರವು ಲೋಕವನ್ನೆಲ್ಲ ಸುತ್ತಿತು. ಓಡಿದ ಮಕ್ಕಳಲ್ಲಿ ಅನೇಕರು ಈ ಮಂದಿರವನ್ನು ಹೊಕ್ಕರು. ಪೋಲೀಸರು ಬೆನ್ನಟ್ಟಿ ಬಂದು ಒಳಗೂ ಗುಂಡು ಹಾರಿಸಿದರು. ಹಲವರು ಗಾಯಗೊಂಡರು, ಮಂದಿರದೊಳಗೆ ಯಾರ ಪ್ರಾಣವೂ ಹೋಗಲಿಲ್ಲ. ಕಲ್ಲು ಮುರಿದುದು ಬಂದೂಕಿನ ಹಿಡಿಯ ಪೆಟ್ಟಿನಿಂದ. “ಆಗ ನನಗೆ ಹದಿನೈದು ವರ್ಷ. ನನ್ನ ಒಂದು ಕಾಲಿನ ಜೋಡು ಬೀದಿಯಲ್ಲಿಯೇ ಉಳಿಯಿತು” ಎಂದರು ಮಮಾ. ರಾಜಕೀಯ ಸಭೆಗಳಿಗೆ ನಿಷೇಧವಿದ್ದ ಆ ಕಾಲದಲ್ಲಿ ಪ್ರಾರ್ಥನೆಯೇ ಸಭೆಯಾಯಿತು, ಶವಸಂಸ್ಕಾರವೇ ಮೆರವಣಿಗೆಯಾಯಿತು. ೧೯೯೪ರಲ್ಲಿ ಸ್ವಾತಂತ್ರ್ಯ ಬಂದ ತರುವಾಯ, ಆರ್ಚ್‌ಬಿಷಪ್ ಡೆಸ್ಮಂಡ್ ಟೂಟೂ ಅವರ ಅಧ್ಯಕ್ಷತೆಯ ಸತ್ಯ ಮತ್ತು ಸಾಮರಸ್ಯ ಆಯೋಗದ ಸಭೆಗಳು ಇಲ್ಲಿಯೂ ನಡೆದುವು. ಮಂದಿರವನ್ನು ದುರಸ್ತಿಮಾಡಿದಾಗಲೂ ಗುಂಡಿನ ಗುರುತುಗಳನ್ನು ಮುಚ್ಚಲಿಲ್ಲ.

ಮಧ್ಯಾಹ್ನ ಮಮಾ ನಮ್ಮನ್ನು ತಮ್ಮ ಮನೆಗೆ ಊಟಕ್ಕೆ ಕರೆದೊಯ್ದರು. ಆದಿತ್ಯವಾರದ ಊಟಕ್ಕೆ ಅಲ್ಲಿ ‘ಏಳು ಬಣ್ಣ’ ಎಂಬ ಹೆಸರು: ಅನ್ನ, ಕೋಳಿ, ಕುಂಬಳ, ಬೀಟ್‌ರೂಟ್, ಕೋಸು, ಸೊಪ್ಪು, ಹೀಗೆ ತಟ್ಟೆಯ ತುಂಬ ಬಣ್ಣ. ಸಸ್ಯಾಹಾರಿಗಳಾದ ನಮಗೆ ಎರಡು ಬಣ್ಣ ಕಡಮೆಯಾಯಿತೆಂದು ಆಕೆ ನಕ್ಕರು. ಗೋಡೆಯ ಮೇಲೆ ತರುಣನೊಬ್ಬನ ಭಾವಚಿತ್ರವಿತ್ತು. ನಾವು ಕೇಳಲಿಲ್ಲ, ಅವರೇ ಹೇಳಿದರು.

“ಇವನು ನನ್ನ ಹಿರಿಯ ಮಗ. ೨೦೦೩ರಲ್ಲಿ ಹೋದ. ಕ್ಷಯವೆಂದು ಎಲ್ಲರಿಗೂ ಹೇಳಿದೆವು. ಕ್ಷಯವಲ್ಲವೆಂದು ನನಗೂ ಗೊತ್ತಿತ್ತು, ಬಂದವರಿಗೂ ಗೊತ್ತಿತ್ತು. ಆ ವರ್ಷಗಳಲ್ಲಿ ಪ್ರತಿ ಶನಿವಾರವೂ ಈ ಬೀದಿಯಲ್ಲಿ ಶವಯಾತ್ರೆ. ಎಲ್ಲಿಯೂ ರೋಗದ ಹೆಸರಿಲ್ಲ. ಹಾಡುತ್ತಿದ್ದೆವು, ಮಣ್ಣು ಹಾಕುತ್ತಿದ್ದೆವು, ಬರುತ್ತಿದ್ದೆವು.”

ಏಡ್ಸ್ ರೋಗವು ಆ ದೇಶವನ್ನು ಸುಟ್ಟ ಬಗೆಯನ್ನು ವಾಚಕರು ಕೇಳಿರಬಹುದು. ಅದರ ಸೋಂಕಿನೊಡನೆ ಬದುಕುವವರು ಅಲ್ಲಿ ಇಂದಿಗೂ ೭೦ ಲಕ್ಷಕ್ಕೆ ಮೀರಿ ಇರುವರು. ಜಗತ್ತಿನ ಬೇರಾವ ದೇಶದಲ್ಲಿಯೂ ಇಷ್ಟು ಮಂದಿ ಇಲ್ಲ. ಅಂದಿನ ಅಧ್ಯಕ್ಷರೇ ರೋಗದ ಕಾರಣವನ್ನು ಕುರಿತು ಸಂಶಯವೆತ್ತಿದುದರಿಂದ ಔಷಧವು ತಡವಾಯಿತು. ಬಸುರಿಯರಿಗೆ ಔಷಧ ಕೊಡಬೇಕೆಂದು ೨೦೦೨ರಲ್ಲಿ ದೇಶದ ಸಂವಿಧಾನ ನ್ಯಾಯಾಲಯವು ಆಜ್ಞಾಪಿಸಬೇಕಾಯಿತು. ಸರಕಾರದ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಚಿಕಿತ್ಸೆ ಆರಂಭವಾದುದು ೨೦೦೪ರಲ್ಲಿ. ಮಮಾ ಅವರ ಮಗನ ಪಾಲಿಗೆ ಅದು ಒಂದು ವರ್ಷ ತಡ.

೨೦೦೫ರ ಜನವರಿಯಲ್ಲಿ ನೆಲ್ಸನ್ ಮಂಡೇಲರು ಪತ್ರಿಕೆಯವರನ್ನು ಕರೆದು, ತಮ್ಮ ಮಗ ಮಕ್ಗಾಥೊ ಏಡ್ಸ್ ರೋಗದಿಂದ ತೀರಿಕೊಂಡನೆಂದು ಬಾಯ್ದೆರೆದು ಹೇಳಿದರು. ಮಂಡೇಲರು ಹಿಂದೆ ವಾಸವಿದ್ದುದು ಇದೇ ಸೊವೆಟೊದ ವಿಲಕಾಜಿ ಬೀದಿಯಲ್ಲಿ. ಟೂಟೂ ಅವರ ಮನೆಯೂ ಅದೇ ಬೀದಿಯದು. ಮರಣಾನಂತರ ಒಂದು ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಸಮಾಧಿಯ ಕಲ್ಲಿಗೆ ಹೊದಿಸಿದ ಬಟ್ಟೆಯನ್ನು ತೆಗೆದು ಬಂಧುಬಳಗಕ್ಕೆ ತೋರಿಸುವುದು ಆ ಜನರ ಸಂಪ್ರದಾಯ. ಅದರೊಡನೆ ಸತ್ತವನು ಪೂರ್ವಿಕರ ಸಾಲಿಗೆ ಸೇರಿದನೆಂದು ಅವರ ಭಾವನೆ. ಕ್ರೈಸ್ತರಾದರೂ ಪೂರ್ವಿಕರನ್ನು ಅವರು ಮರೆತಿಲ್ಲ. ಕಾಂಗೋ ದೇಶದ ಕ್ಯಾಥೊಲಿಕರಿಗಾಗಿ ರೋಮ್ ೧೯೮೮ರಲ್ಲಿ ಒಪ್ಪಿದ ಪೂಜಾವಿಧಿಯಲ್ಲಿ ಸಂತರೊಡನೆ ಸದಾಚಾರಿಗಳಾದ ಪೂರ್ವಿಕರನ್ನೂ ಕರೆಯುವುದುಂಟು. ಪಕ್ಷಮಾಸದಲ್ಲಿ ಹಿರಿಯರಿಗೆ ಎಡೆಯಿಡುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಮಮಾ ತಮ್ಮ ಬೀದಿಯ ಹೆಂಗಸರ ‘ಸ್ಟಾಕ್‌ವೆಲ್’ನಲ್ಲಿ, ಅಂದರೆ ನಮ್ಮ ಚೀಟಿಯಂತಹ ಕೂಟದಲ್ಲಿ, ಎರಡು ವರ್ಷ ಹಣ ಕೂಡಿಸಿ ಕಲ್ಲು ಹಾಕಿಸಿದರು. ೨೦೦೫ರಲ್ಲಿ ಬಟ್ಟೆ ತೆಗೆಯುವ ದಿನ, ಬಂಧುಗಳೂ ಪಾದ್ರಿಗಳೂ ನೆರೆದಿದ್ದಾಗ, ಹಾಡನ್ನು ನಿಲ್ಲಿಸಿ ಮಗನ ರೋಗದ ಹೆಸರನ್ನು ಎಲ್ಲರೆದುರಿಗೆ ಹೇಳಿದರು. “ಪೂರ್ವಿಕರಿಗೆ ಸುಳ್ಳು ಹೇಳಿ ಮಗನನ್ನು ಒಪ್ಪಿಸಲೇ?” ಎಂದು ನಮ್ಮನ್ನು ಕೇಳಿದರು. ಮೈದುನನು ಸಿಟ್ಟಿನಿಂದ ಹೊರಟುಹೋದನಂತೆ. ಮೂರು ವರ್ಷ ಮಾತಾಡಲಿಲ್ಲವಂತೆ. ಆದರೆ ಅದೇ ಸಂಜೆ ನೆರೆಮನೆಯ ಹುಡುಗಿಯೊಬ್ಬಳು ಹಿತ್ತಿಲ ಬಾಗಿಲಿಗೆ ಬಂದು, “ಮಮಾ, ನನ್ನೊಡನೆ ಆಸ್ಪತ್ರೆಗೆ ಬರುವಿರಾ?” ಎಂದಳಂತೆ. ಆಕೆ ಇಂದಿಗೂ ಬದುಕಿರುವಳು. ಇಬ್ಬರು ಮಕ್ಕಳ ತಾಯಿ.

ಈಗ ಮಮಾ ಮತ್ತು ಅವರ ಸಂಘದ ಸ್ತ್ರೀಯರು ವಾರಕ್ಕೊಮ್ಮೆ ರೋಗಿಗಳ ಮನೆಗಳಿಗೆ ಹೋಗುವರು. ಕಷ್ಟಗಳು ಮುಗಿದಿಲ್ಲ. ಸರಕಾರದ ಈಚಿನ ವರ್ಷಗಳ ಲೆಕ್ಕದಂತೆ ದುಡಿಯಬಯಸುವವರಲ್ಲಿ ಹೆಚ್ಚುಕಡಮೆ ಮೂವರಿಗೊಬ್ಬರಿಗೆ ಕೆಲಸವಿಲ್ಲ. ತರುಣರಲ್ಲಿ ಇನ್ನೂ ಹೆಚ್ಚು. ಕುಡಿತದಿಂದಲೂ ಹೊಡೆತದಿಂದಲೂ ನೊಂದ ಹೆಂಗಸರು ಅನೇಕರು. ಪವಾಡದಿಂದ ಹಣವನ್ನೂ ಆರೋಗ್ಯವನ್ನೂ ಕೊಡಿಸುವೆವೆಂದು ಡೇರೆ ಹಾಕುವ ಬೋಧಕರೂ ಇದ್ದಾರೆ. ಬಡವರ ಕಾಸು ಅಲ್ಲಿ ಸುರಿಯುತ್ತದೆ. “ಅಂದು ಶತ್ರು ಬೂಟು ಹಾಕಿಕೊಂಡು ಬಂದ, ಸದ್ದು ಕೇಳಿಸಿತು. ಇವನು ಬರಿಗಾಲಿನಲ್ಲಿ ಮನೆಯೊಳಗೇ ಓಡಾಡುತ್ತಾನೆ” ಎಂದರು ಮಮಾ.

ಸಂಜೆ ಬೀಳ್ಕೊಂಡು ಬರುವಾಗ ದಾರಿಯುದ್ದಕ್ಕೂ ನಮ್ಮ ಮನಸ್ಸಿನಲ್ಲಿ ಒಂದೇ ವಿಚಾರ ಸುಳಿಯುತ್ತಿತ್ತು. ಮದ್ದಳೆ ಮೊಳಗಿದ ಮಾತ್ರದಿಂದ ದೇವಾಲಯವು ಜನರದಾಗುವುದಿಲ್ಲ. ಜನರ ಗಾಯವನ್ನು ಕಂಡು, ಅದರ ಹೆಸರನ್ನು ಹೇಳಲು ಎಡೆ ಕೊಟ್ಟಾಗ ಮಾತ್ರ ಅದು ಅವರದಾಗುವುದು. ಇದು ಕ್ರೈಸ್ತರಿಗೆ ಮಾತ್ರ ಸಲ್ಲುವ ಮಾತಲ್ಲ. ಮರ್ಯಾದೆಗೆ ಅಂಜಿ ರೋಗವನ್ನೂ ಸಾಲವನ್ನೂ ಮಗಳ ಕಣ್ಣೀರನ್ನೂ ಮುಚ್ಚಿಡುವ ಮನೆಗಳು ನಮ್ಮ ಬೀದಿಯಲ್ಲಿಯೂ ಉಂಟು. ಮೋಟಾರು ಹೊರಟಾಗ ಮಮಾ ಬಾಗಿಲಲ್ಲಿ ನಿಂತಿದ್ದರು. ನಾವು ಕೈಯೆತ್ತಿ, ಬೆಳಗ್ಗೆ ಕಲಿತ ಮಾತನ್ನೇ ತೊದಲಿದೆವು: “ಸನಿಬೋನಾನಿ.” ಅದು ಬಂದಾಗ ಹೇಳುವ ಮಾತು, ಹೊರಡುವಾಗ ಹೇಳುವುದಲ್ಲವೆಂದು ನಂಟರು ತಿದ್ದಿದರು. ಮಮಾ ಮಾತ್ರ ನಕ್ಕು ಅದನ್ನೇ ಮರುನುಡಿದರು.