ಖಡಕ್ ರೊಟ್ಟಿ ಮತ್ತು ನನ್ನ ದವಡೆ

ಭೋಗಿ ದಿನ ನಮ್ಮ ಕಡೆ ಯಾರ ಮನೆಗೆ ಹೋದ್ರೂ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಸಿಗುತ್ತೆ. ಬಡಿದು, ಬೇಯಿಸಿ, ಒಣಗಿಸಿ ಇಟ್ಟ ಖಡಕ್ ರೊಟ್ಟಿ. ಮುರಿದರೆ ಪಕ್ಕದ ಮನೆಗೆ ಕೇಳಬೇಕು, ಅಂಥದ್ದು. ಆ ಸಲ ಬೆಂಗಳೂರಿಂದ ರಾತ್ರಿ ಬಸ್ ಹಿಡಿದು ಮೇಲವಂಕಿಗೆ ಬಂದು, ಜಳಕ ಮುಗಿಸಿ, ಎಣಗಾಯಿ ಜೊತೆ ಮೊದಲ ತುತ್ತು ಬಾಯಿಗಿಟ್ಟೆ. ಬಲಗಿವಿಯ ಮುಂದೆ ‘ಖಟ್’ ಅಂತ ಏನೋ ಸರಿದ ಹಾಗಾಯ್ತು. ಅದು ರೊಟ್ಟಿಯ ಸದ್ದಲ್ಲ. ಆಮೇಲೆ ಬಾಯಿ ಒಂದು ಬೆರಳು ಹೋಗುವಷ್ಟು ಮಾತ್ರ ತೆರೀತು.

“ಯಾಕವಾ, ಏನಾತು?” ಅಂದಳು ಅವ್ವ. ಹೇಳೋಣ ಅಂದ್ರೆ ಬಾಯಿ ಬಿಡೋಕೆ ಬರಬೇಕಲ್ಲ.

ನಿಜ ಹೇಳಬೇಕು ಅಂದ್ರೆ ಇದು ಅವತ್ತು ಶುರುವಾದದ್ದಲ್ಲ. ಎಂಟು ತಿಂಗಳಿಂದ ಕಿವಿ ನೋವಿತ್ತು. ಬೆಳಿಗ್ಗೆ ಎದ್ದಾಗ ಕೆನ್ನೆ ಬಿಗಿದಿರೋದು, ಮಧ್ಯಾಹ್ನದ ಹೊತ್ತಿಗೆ ಕಣತಲೆ ಸಿಡಿಯೋದು, ಆಕಳಿಸಿದ್ರೆ ‘ಖಟ್’. ಮೊದಲು ಕಿವಿ ಡಾಕ್ಟರ ಹತ್ರ ಹೋದೆ. ಕಿವಿ ಚೆನ್ನಾಗಿದೆ ಅಂತ ಹೇಳಿ ಡ್ರಾಪ್ಸ್ ಕೊಟ್ಟರು. ಆಮೇಲೆ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಬುದ್ಧಿಹಲ್ಲಿನದ್ದೇ ತೊಂದರೆ ಅಂದರು, ಕೀಳಿಸಿಕೊಂಡೆ. ಹಲ್ಲು ಹೋಯ್ತು, ದುಡ್ಡು ಹೋಯ್ತು, ನೋವು ಅಲ್ಲೇ ಉಳೀತು. ಪ್ರಾಜೆಕ್ಟ್ ಮುಗೀಲಿ, ಆಮೇಲೆ ನೋಡಿದರಾಯ್ತು ಅಂತ ಸುಮ್ಮನಾದೆ. ಪ್ರಾಜೆಕ್ಟ್‌ಗಳು ಯಾವಾಗ ಮುಗಿಯುತ್ತವೆ ಅಂತ ನಿಮಗೂ ಗೊತ್ತು.

ಹಬ್ಬದ ಮರುದಿನ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಾ ಗೋಕಾಕಕ್ಕೆ ಬಂದು, ಅಲ್ಲಿಂದ ಬೆಳಗಾವಿಗೆ ಹೋದ್ವಿ. ಒಂದು ಡೆಂಟಲ್ ಕಾಲೇಜಿನ ಆಸ್ಪತ್ರೆ. ಅಲ್ಲಿನ ಡಾಕ್ಟರ್ ಮೊದಲು ಕೇಳಿದ್ದು, “ಗುಟ್ಕಾ, ಅಡಕಿ ಏನರ ತಿಂತೀರೇನ್ರಿ?” ನನಗೆ ಸಿಟ್ಟೇ ಬಂತು. ಆದ್ರೆ ಅವರ ಪ್ರಶ್ನೆ ಸರಿಯಾಗೇ ಇತ್ತು. ಬಾಯಿ ತೆರೆಯೋಕೆ ಆಗ್ತಿಲ್ಲ ಅಂತ ಬರೋರಲ್ಲಿ ಅಡಿಕೆ, ಗುಟ್ಕಾ ಜಗಿದು ಬಾಯೊಳಗಿನ ಚರ್ಮ ಗಟ್ಟಿಯಾದವರೂ ಇರ್ತಾರೆ. ಅದರ ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಅದು ಮುಂದೆ ಕ್ಯಾನ್ಸರ್ ಆಗೋ ಸಾಧ್ಯತೆ ಇರುತ್ತೆ, ಅದರ ದಾರಿಯೇ ಬೇರೆ. ನನ್ನದು ಅದಲ್ಲ ಅಂತ ಖಾತ್ರಿಯಾದ ಮೇಲೆ ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆಗೆದು ಮುಚ್ಚಿಸಿದರು. ಕೆನ್ನೆಯ ಸ್ನಾಯು ಒತ್ತಿದಾಗ ಕಣ್ಣಲ್ಲಿ ನೀರು ಬಂತು.

ಆಮೇಲೆ ಇನ್ನೊಂದು ಪ್ರಶ್ನೆ: “ಈಗ ನಿಮ್ಮ ಮ್ಯಾಲಿನ ಹಲ್ಲು, ಕೆಳಗಿನ ಹಲ್ಲು ಕೂಡ್ಯಾವೇನ್ರಿ?”

ಕೂಡಿದ್ದವು. ಗಟ್ಟಿಯಾಗಿ ಕೂಡಿದ್ದವು. ನನಗೆ ಅದು ಗೊತ್ತೇ ಇರಲಿಲ್ಲ.

“ಉಣ್ಣುವಾಗ, ನುಂಗುವಾಗ ಬಿಟ್ರ ಹಲ್ಲು ಹಲ್ಲಿಗೆ ಹತ್ತೋ ಅವಶ್ಯಕತೀನೇ ಇಲ್ಲ,” ಅಂದರು. ಮೂವತ್ತು ವರ್ಷ ಬಾಯಿ ಇಟ್ಕೊಂಡು ತಿರುಗಾಡಿದ್ದೀನಿ, ಈ ಮಾತು ಯಾರೂ ಹೇಳಿರಲಿಲ್ಲ.

ದವಡೆಯ ಕೀಲು ಇರೋದು ಕಿವಿಯ ಮುಂದೆ, ಎರಡೂ ಕಡೆ. ಇಂಗ್ಲಿಷಿನಲ್ಲಿ ಚಿಕ್ಕದಾಗಿ ಟಿಎಂಜೆ ಅಂತಾರೆ. ಬಾಗಿಲ ಕೀಲಿನ ಥರ ಬರೀ ತಿರುಗೋದಲ್ಲ, ಬಾಯಿ ದೊಡ್ಡದಾಗಿ ತೆರೆದಾಗ ಮುಂದಕ್ಕೆ ಜಾರುತ್ತೆ ಕೂಡ. ಎರಡು ಎಲುಬಿನ ನಡುವೆ ಒಂದು ಪುಟ್ಟ ಗಾದಿ ಇದೆ. ಆ ಗಾದಿ ಮುಂದಕ್ಕೆ ಸರಿದುಬಿಟ್ಟರೆ, ಬಾಯಿ ತೆರೆಯುವಾಗ ಎಲುಬು ಮತ್ತೆ ಅದರ ಮೇಲೆ ಹತ್ತಿ ಕೂರುವಾಗ ಬರೋದೇ ಆ ‘ಖಟ್’. ಗಾದಿ ಜಾಗಕ್ಕೆ ವಾಪಸ್ ಬರದೇ ಹೋದರೆ ದವಡೆ ಅಲ್ಲಿಗೇ ತಡೆಯುತ್ತೆ. ನನಗೆ ಭೋಗಿ ದಿನ ಆದದ್ದು ಅದೇ. ಬರೀ ಸದ್ದಿದ್ದು ನೋವಿಲ್ಲದಿದ್ದರೆ ಚಿಕಿತ್ಸೆಯೇ ಬೇಡ, ಎಷ್ಟೋ ಜನಕ್ಕೆ ಹಾಗೆ ಇರುತ್ತೆ. ಬಹಳ ಸಲ ನೋವು ಗಾದಿಯದ್ದೂ ಅಲ್ಲ, ಹಗಲೂ ರಾತ್ರಿ ದುಡಿದು ಸುಸ್ತಾದ ಸ್ನಾಯುವಿನದ್ದು.

ಕಿವಿ ಅಂದುಕೊಂಡು ಮೋಸ ಹೋದವಳು ನಾನೊಬ್ಬಳೇ ಅಲ್ಲ. ಕಿವಿ ನೋವಿಗೂ ದವಡೆಗೂ ಗಂಟು ಹಾಕಿ 1934ರಲ್ಲಿ ಬರೆದ ಜೇಮ್ಸ್ ಕಾಸ್ಟೆನ್ ಅನ್ನೋ ಅಮೆರಿಕದ ಡಾಕ್ಟರ್ ಕೂಡ ಕಿವಿ-ಮೂಗು-ಗಂಟಲು ತಜ್ಞರೇ. ಹಿಂದಿನ ಹಲ್ಲು ಹೋದದ್ದರಿಂದ ಹೀಗಾಗುತ್ತೆ ಅನ್ನೋ ಅವರ ವಿವರಣೆ ಆಮೇಲೆ ನಿಲ್ಲಲಿಲ್ಲ. ಈಗ ಕಾರಣ ಒಂದೇ ಅಲ್ಲ ಅಂತಾರೆ: ಹಲ್ಲು ಕಡಿಯೋದು, ಪೆಟ್ಟು, ಸಂಧಿವಾತ, ನಿದ್ದೆ, ಚಿಂತೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಚಿಕಿತ್ಸೆ ಕೇಳಿ ನನಗೆ ನಿರಾಸೆಯೇ ಆಯ್ತು, ಅಷ್ಟು ಸರಳ. ಕೆಲವು ದಿನ ನೋವಿನ ಗುಳಿಗೆ. ಎರಡು ವಾರ ಮೆತ್ತಗಿನ ಊಟ. ದಿನಕ್ಕೆ ಎರಡು ಮೂರು ಸಲ ಬಿಸಿ ಬಟ್ಟೆಯ ಶಾಖ. ‘ನ’ ಅನ್ನುವಾಗ ನಾಲಿಗೆ ತುದಿ ಎಲ್ಲಿ ಹೋಗುತ್ತೋ ಅಲ್ಲೇ ಇಟ್ಟು, ತುಟಿ ಮುಚ್ಚಿ, ಹಲ್ಲು ಬಿಡಿಸಿ ಇರೋದು. ಮೆಲ್ಲಗೆ ಬಾಯಿ ತೆರೆಯೋ ವ್ಯಾಯಾಮ. ಆಕಳಿಕೆ ಬಂದ್ರೆ ಗದ್ದದ ಕೆಳಗೆ ಕೈ. ಚ್ಯೂಯಿಂಗ್ ಗಮ್ ಬಂದ್. ರಾತ್ರಿಗೆ ಹಲ್ಲಿನ ಅಳತೆ ತಗೊಂಡು ಮಾಡಿದ ಒಂದು ಅಕ್ರಿಲಿಕ್ ಕವಚ. ಅದು ಹಲ್ಲು ಕಡಿಯೋದನ್ನ ನಿಲ್ಲಿಸಲ್ಲ, ಹಲ್ಲು ಸವೆಯದಂತೆ ಕಾಯುತ್ತೆ. ಹೆಚ್ಚಿನವರಿಗೆ ಇಷ್ಟರಲ್ಲೇ ಕಡಿಮೆಯಾಗುತ್ತೆ, ಆಪರೇಷನ್ ಬೇಕಾಗೋದು ತೀರಾ ಕೆಲವರಿಗೆ. ಹಲ್ಲು ಉಜ್ಜಿ ಕಚ್ಚುವಿಕೆ ಸರಿ ಮಾಡ್ತೀವಿ, ಇನ್ನೊಂದು ಹಲ್ಲು ಕೀಳ್ತೀವಿ ಅಂತ ಯಾರಾದ್ರೂ ಅಂದ್ರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಹೋದ ಹಲ್ಲು ವಾಪಸ್ ಬರಲ್ಲ.

ಒಂದು ವಾರ ರಜೆ ಹಾಕಿ ಊರಲ್ಲೇ ಉಳಿದೆ. ಅವ್ವ ನುಚ್ಚು, ಮಜ್ಜಿಗೆ, ಕಿಚಡಿ ಮಾಡಿದಳು. ಮೂರನೇ ದಿನ ಎದುರಿಗೆ ಕೂತು ಉಣ್ಣುವಾಗ ಕೇಳಿಸ್ತು: ‘ಖಟ್’. ನನ್ನದಲ್ಲ, ಅವಳದ್ದು.

ಆಗ ಒಂದೊಂದೇ ನೆನಪಾಯ್ತು. ಅವ್ವ ರೊಟ್ಟಿಯನ್ನ ಸಾರಿನಲ್ಲಿ ಪೂರ್ತಿ ನೆನೆಸಿಯೇ ತಿನ್ನೋದು. ಗೋಕಾಕದ ಕರದಂಟು ತಂದ್ರೆ ಓಣಿಗೆಲ್ಲ ಹಂಚಿ, “ನನಗ ಸೇರಂಗಿಲ್ಲ” ಅನ್ನೋದು. ಅಂಟು, ಕೊಬ್ಬರಿ, ಗೋಡಂಬಿ ಹಾಕಿದ ಆ ಕರದಂಟು ಎಷ್ಟು ಜಗಿಯಬೇಕು ಅಂತ ತಿಂದವರಿಗೇ ಗೊತ್ತು. ವಯಸ್ಸಾಯ್ತು, ಅದಕ್ಕೆ ಅಂತ ನಾನು ಅಂದುಕೊಂಡಿದ್ದೆ.

“ನಿನಗೂ ನೋಯ್ತದನ?” ಅಂದೆ.

“ಹೊಳಿ ಬಂದ ವರ್ಷದಿಂದ ಐತಿ. ಅದಕ್ಕೇನ್ ಹೇಳೂದು.”

ಹೊಳೆ ಬಂದ ವರ್ಷ ಅಂದ್ರೆ 2019. ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದಾಗ ನಮ್ಮ ಮನೆಯ ಹಿಂದಿನ ಗೋಡೆ ಬಿತ್ತು, ಹೊಲದ ಕಬ್ಬು ನೀರಲ್ಲಿ ನಿಂತು ಕೊಳೀತು, ಸಾಲ ಹಾಗೇ ಉಳೀತು. ನಾನು ಬೆಂಗಳೂರಲ್ಲಿದ್ದೆ. ದಿನಾ ಫೋನ್ ಮಾಡ್ತಿದ್ದೆ. ದಿನಾ ಅವ್ವ “ಎಲ್ಲಾ ಆರಾಮ ಐತಿ” ಅಂತಿದ್ದಳು. ಕಷ್ಟ ಸಹಿಸಿದವರನ್ನ ಅವುಡುಗಚ್ಚಿ ನಿಂತರು ಅಂತ ನಾವು ಹೊಗಳ್ತೀವಿ. ಹಾಗೆ ಕಚ್ಚಿದ ಅವುಡು ಎಲ್ಲಿ ನೋಯುತ್ತೆ ಅಂತ ಅವತ್ತು ಕಂಡೆ. ಬೆಂಗಳೂರಿನಲ್ಲಿ ನನ್ನ ಕಷ್ಟ ಕೇಳಿದವರಿಗೆ ನಾನೂ “ಆಲ್ ಗುಡ್” ಅಂತಲೇ ಹೇಳ್ತಿದ್ದೆ.

ಮುಂದಿನ ಸಲ ತೋರಿಸೋಕೆ ಹೋದಾಗ ಅವ್ವನನ್ನೂ ಕೂರಿಸಿದೆ. ಹಲ್ಲು ಸವೆದು ಸಪಾಟಾಗಿದ್ದವು. ಅವಳಿಗೂ ಒಂದು ಕವಚ ಬಂತು. “ಎತ್ತಿಗೆ ಕುಕ್ಕಿ ಕಟ್ಟಿದಂಗಾತು” ಅಂತ ಮೊದಮೊದಲು ನಕ್ಕಳು, ಈಗ ಮರೆಯದೆ ಹಾಕ್ತಾಳೆ. ನನ್ನ ಬಾಯಿ ಎರಡು ತಿಂಗಳಲ್ಲಿ ಮೂರು ಬೆರಳು ಹೋಗುವಷ್ಟು ತೆರೀತು. ಸದ್ದು ಆಗಾಗ ಬರುತ್ತೆ, ಬರಲಿ. ರಿಲೀಸ್ ಇರೋ ವಾರ ಕೆನ್ನೆ ಬಿಗಿಯುತ್ತೆ, ಆಗ ಶಾಖ ಕೊಡ್ತೀನಿ. ಲ್ಯಾಪ್‌ಟಾಪಿನ ಅಂಚಿಗೆ ಒಂದು ಹಳದಿ ಚೀಟಿ ಅಂಟಿಸಿದ್ದೀನಿ. ಅದರಲ್ಲಿ ಒಂದೇ ಅಕ್ಷರ: ‘ನ’. ಆಫೀಸಲ್ಲಿ ಕೇಳಿದವರಿಗೆಲ್ಲ ಅರ್ಥ ಹೇಳಿದೆ. ಈಗ ಇನ್ನೂ ಮೂರು ಡೆಸ್ಕಿನಲ್ಲಿ ಆ ಚೀಟಿ ಇದೆ.

ರಾತ್ರಿ ಅವ್ವನ ಫೋನ್ ಬಂದಾಗ ಊಟ ಆಯ್ತಾ ಅನ್ನೋಕಿಂತ ಮೊದಲು ಇನ್ನೊಂದು ಮಾತಿರುತ್ತೆ.

“ಹಲ್ಲು ಬಿಡಿಸಿ ಕುಂತೀಯೇನವಾ?”

“ಹೂಂ. ನೀನು?”

“ಇಲ್ಲವಾ, ಇವತ್ತ ಜರಾ ತ್ರಾಸ ಆತು,” ಅಂತಾಳೆ ಒಮ್ಮೊಮ್ಮೆ. ಏನಾಯ್ತು ಅಂತ ಕೇಳ್ತೀನಿ. ಈಗ ಹೇಳ್ತಾಳೆ.