ಮಿಕ್ಕಿ ಮೌಸ್ ಮನೆಯಲ್ಲಿ ಒಂದು ದಿನ

ಸ್ಯಾನ್‌ಫ್ರಾನ್ಸಿಸ್ಕೋ ಎಂದರೆ ಎಲ್ಲರೂ ಹೇಳುವುದು ಗೋಲ್ಡನ್ ಗೇಟ್ ಸೇತುವೆಯ ಹೆಸರು. ಆ ಸೇತುವೆಯ ಹತ್ತಿರವೇ ಪ್ರೆಸಿಡಿಯೊ ಎಂಬ ಜಾಗವಿದೆ. 1994ರವರೆಗೆ ಅದು ಸೈನ್ಯದ ನೆಲೆ. ಈಗ ಮರಗಿಡಗಳ ದೊಡ್ಡ ಉದ್ಯಾನ. ಸಿಪಾಯಿಗಳಿದ್ದ ಕೆಂಪು ಇಟ್ಟಿಗೆಯ ಹಳೆಯ ಬ್ಯಾರಕ್ಕಿನಲ್ಲಿ ಈಗ ಮಿಕ್ಕಿ ಮೌಸ್ ವಾಸ! ‘ವಾಲ್ಟ್ ಡಿಸ್ನಿ ಫ್ಯಾಮಿಲಿ ಮ್ಯೂಸಿಯಂ’ ಇರುವುದು ಅಲ್ಲಿ. ವಾಲ್ಟ್ ಡಿಸ್ನಿಯವರ ಮಗಳು ಡಯಾನ್ ಮುಂದೆ ನಿಂತು ಮಾಡಿಸಿದ ಈ ಸಂಗ್ರಹಾಲಯ 2009ರಲ್ಲಿ ಬಾಗಿಲು ತೆರೆಯಿತು. ಮಗನ ಮನೆಗೆಂದು ಹೋಗಿದ್ದ ನಾನು ಹನ್ನೊಂದು ವರ್ಷದ ಮೊಮ್ಮಗಳ ಜತೆ ಅಲ್ಲಿ ಒಂದು ದಿನ ಕಳೆದೆ.

ಒಳಗೆ ಹೋಗುತ್ತಲೇ ಕಣ್ಣಿಗೆ ಬೀಳುವುದು ಗಾಜಿನ ಕಪಾಟಿನ ಪ್ರಶಸ್ತಿಗಳು. ‘ಸ್ನೋ ವೈಟ್’ ಚಿತ್ರಕ್ಕೆ ಸಿಕ್ಕ ವಿಶೇಷ ಆಸ್ಕರ್ ಅನ್ನು ಮಕ್ಕಳು ತಪ್ಪದೆ ನೋಡಬೇಕು. ಒಂದು ದೊಡ್ಡ ಬೊಂಬೆ, ಪಕ್ಕದಲ್ಲಿ ಮೆಟ್ಟಿಲಿನಂತೆ ಏಳು ಪುಟ್ಟ ಬೊಂಬೆಗಳು. ಏಳು ಕುಳ್ಳರಿಗೆ ಏಳು!

ಅಲ್ಲಿಂದ ಮುಂದಕ್ಕೆ ಹತ್ತು ಕೋಣೆಗಳಲ್ಲಿ ಒಬ್ಬ ಮನುಷ್ಯನ ಬದುಕು. 1901ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಹುಡುಗ ಮಿಸೌರಿಯ ಹೊಲದಲ್ಲಿ ಆಡಿ ಬೆಳೆದ. ಕನ್ಸಾಸ್ ಸಿಟಿಯಲ್ಲಿ ಬೆಳಗಿನ ಜಾವ ಎದ್ದು, ಹಿಮದಲ್ಲಿ ಮನೆಮನೆಗೆ ಪೇಪರ್ ಹಾಕಿದ. ಹುಟ್ಟಿದ ವರ್ಷವನ್ನು 1900 ಎಂದು ತಿದ್ದಿ, ರೆಡ್‌ಕ್ರಾಸ್ ಆಂಬುಲೆನ್ಸ್ ಓಡಿಸಲು ಫ್ರಾನ್ಸ್‌ಗೆ ಹೋದ. ಅವನು ಅಲ್ಲಿಗೆ ತಲುಪುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. ವಾಪಸು ಬಂದು ಕಾರ್ಟೂನ್ ಕಂಪನಿ ತೆರೆದರೆ 1923ರಲ್ಲಿ ಅದು ದಿವಾಳಿ. ಐದು ವರ್ಷದ ನಂತರ, ತಾನು ಬೆಳೆಸಿದ ಆಸ್ವಾಲ್ಡ್ ಎಂಬ ಮೊಲದ ಪಾತ್ರವೂ ಕರಾರಿನ ಪ್ರಕಾರ ಬೇರೆಯವರ ಪಾಲಾಯಿತು. ಕೈ ಬರಿದಾದಾಗ ಬಂದವನೇ ಇಲಿರಾಯ. ಮಿಕ್ಕಿಯ ಮೊದಮೊದಲ ರೇಖಾಚಿತ್ರಗಳು ಇಲ್ಲಿವೆ. ಮೊದಲ ಚಿತ್ರಗಳಲ್ಲಿ ಮಿಕ್ಕಿಯನ್ನು ಬರೆದು ಓಡಾಡಿಸಿದ್ದು ಗೆಳೆಯ ಅಬ್ ಐವರ್ಕ್ಸ್. ಮಿಕ್ಕಿಗೆ ದನಿ ಕೊಟ್ಟದ್ದು ವಾಲ್ಟ್.

ಎರಡು ಮಾಳಿಗೆ ಎತ್ತರದ ಮಲ್ಟಿಪ್ಲೇನ್ ಕ್ಯಾಮೆರಾದ ಮುಂದೆ ನಾವು ಬಹಳ ಹೊತ್ತು ನಿಂತೆವು. ರಾತ್ರಿ ಬಸ್ಸಿನ ಕಿಟಕಿಯಲ್ಲಿ ನೋಡಿದ್ದೀರಲ್ಲ? ಹತ್ತಿರದ ಮರಗಳು ಸರಸರ ಹಿಂದೆ ಓಡುತ್ತವೆ, ದೂರದ ಬೆಟ್ಟ ನಿಧಾನ, ಚಂದಮಾಮ ಮಾತ್ರ ನಮ್ಮ ಜತೆಗೇ ಬರುತ್ತಾನೆ. ಕಾರ್ಟೂನಿನಲ್ಲೂ ಹಾಗೆ ಕಾಣಬೇಕಾದರೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದರೆ ಆಗದು. ಮರ, ಬೆಟ್ಟ, ಚಂದ್ರ ಎಲ್ಲವನ್ನೂ ಬೇರೆ ಬೇರೆ ಗಾಜಿನ ಮೇಲೆ ಬರೆದು, ಒಂದರ ಕೆಳಗೊಂದು ಅಂತರ ಬಿಟ್ಟು ಜೋಡಿಸುತ್ತಾರೆ. ಮೇಲಿನಿಂದ ಕ್ಯಾಮೆರಾ ನೋಡುತ್ತದೆ. ಒಂದೊಂದು ಗಾಜನ್ನೂ ಒಂದೊಂದು ಅಳತೆಯಲ್ಲಿ ಸರಿಸಿದರೆ ಕಾಡಿನೊಳಗೆ ನಡೆದ ಹಾಗೆಯೇ ಇರುತ್ತದೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಲೆಕ್ಕ ಬಿಡದು. ‘ಸ್ನೋ ವೈಟ್’ 83 ನಿಮಿಷದ ಚಿತ್ರ. ಸೆಕೆಂಡಿಗೆ 24 ಚೌಕಟ್ಟು. ಗುಣಿಸಿ ನೋಡಿ, ಹತ್ತಿರ ಹತ್ತಿರ 1 ಲಕ್ಷ 20 ಸಾವಿರ! ಎರಡೂವರೆ ಲಕ್ಷ ಡಾಲರ್ ಅಂದಾಜು ಮಾಡಿದ್ದ ಖರ್ಚು ಸುಮಾರು 15 ಲಕ್ಷಕ್ಕೆ ಏರಿತು. ಜನ ಇದನ್ನು ‘ಡಿಸ್ನಿಯ ಹುಚ್ಚು’ ಎಂದರು. ಸಾಲ ಕೊಡಬೇಕಿದ್ದ ಬ್ಯಾಂಕ್ ಆಫ್ ಅಮೆರಿಕದ ಅಧಿಕಾರಿಗೆ ವಾಲ್ಟ್ ಅರ್ಧಂಬರ್ಧ ಮುಗಿದ ಚಿತ್ರ ತೋರಿಸಿದರಂತೆ. ಆತ ಕೊನೆಯವರೆಗೂ ಮುಖದಲ್ಲಿ ಏನನ್ನೂ ತೋರಿಸದೆ ಕುಳಿತಿದ್ದು, ಹೊರಡುವಾಗ ಮಾತ್ರ ಇದು ಚೆನ್ನಾಗಿ ದುಡ್ಡು ಮಾಡುತ್ತದೆ ಎಂದರಂತೆ. ಅಡಮಾನಕ್ಕೆ ಚಿನ್ನವನ್ನೋ ಜಮೀನನ್ನೋ ನೋಡುವುದು ನಮಗೆ ಗೊತ್ತು. ಬಣ್ಣವೇ ತುಂಬದ ಚಿತ್ರ ನೋಡಿ ಸಾಲ ಕೊಡಲು ಗುಂಡಿಗೆ ಬೇಕು. 1937ರ ಡಿಸೆಂಬರಿನಲ್ಲಿ ಚಿತ್ರ ಬಂತು, ಗೆದ್ದಿತು.

ಇಷ್ಟು ಹೇಳುತ್ತಿದ್ದಾಗ ಮೊಮ್ಮಗಳು ಒಂದು ಫೋಟೋ ತೋರಿಸಿದಳು. ಸಾಲಾಗಿ ಕುಳಿತು ಬಣ್ಣ ತುಂಬುತ್ತಿರುವ ಹೆಂಗಸರು. “ಇವರೆಲ್ಲರ ಹೆಸರು ಸಿನಿಮಾದಲ್ಲಿ ಬರುತ್ತಾ ತಾತ?” “ಇಲ್ಲಮ್ಮ, ಬರಲಿಲ್ಲ.” “ಯಾಕೆ? ಕೆಲಸ ಮಾಡಿದ್ದು ಇವರಲ್ವಾ?”

ಇದಕ್ಕೆ ಸುಲಭದ ಉತ್ತರವಿಲ್ಲ. 1941ರಲ್ಲಿ ಡಿಸ್ನಿ ಸ್ಟುಡಿಯೋದ ನೂರಾರು ಕಲಾವಿದರು ಸಂಘ ಕಟ್ಟುವ ಹಕ್ಕಿಗಾಗಿ, ನ್ಯಾಯವಾದ ಸಂಬಳಕ್ಕಾಗಿ ಮುಷ್ಕರ ಹೂಡಿದರು. ವಾಲ್ಟ್ ಅದನ್ನು ಮನಸ್ಸಿಗೆ ಹಚ್ಚಿಕೊಂಡು ಕಹಿಯಾದರು. ಅದನ್ನು ಮುಚ್ಚಿಡದೆ ತೋರಿಸಿರುವುದು ಈ ಸಂಗ್ರಹಾಲಯದ ಹೆಚ್ಚುಗಾರಿಕೆ. ದೊಡ್ಡವರನ್ನು ಮೆಚ್ಚುವಾಗಲೂ ಇಂಥ ಪ್ರಶ್ನೆ ಕೇಳಬಹುದು ಎಂದು ಮಕ್ಕಳಿಗೆ ಹೇಳುವುದು ಒಳ್ಳೆಯದೇ.

ನನ್ನ ಮನಸ್ಸಿನಲ್ಲಿ ಉಳಿದವರು ಅಣ್ಣ ರಾಯ್. ಅವರೂ ಮೊದಲು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರೇ! ತಮ್ಮ ಕನಸು ಕಾಣುತ್ತಿದ್ದ, ಅಣ್ಣ ದುಡ್ಡು ಹೊಂದಿಸುತ್ತಿದ್ದ. 1966ರಲ್ಲಿ ವಾಲ್ಟ್ ತೀರಿಕೊಂಡಾಗ ರಾಯ್ ವಿಶ್ರಾಂತಿ ಪಡೆಯಲಿಲ್ಲ. ಫ್ಲಾರಿಡಾದ ಹೊಸ ಉದ್ಯಾನವನ್ನು 1971ರಲ್ಲಿ ಮುಗಿಸಿ, ಅದಕ್ಕೆ ತಮ್ಮನ ಪೂರ್ತಿ ಹೆಸರಿಟ್ಟರು: ವಾಲ್ಟ್ ಡಿಸ್ನಿ ವರ್ಲ್ಡ್. ಅದೇ ವರ್ಷದ ಕೊನೆಗೆ ತಾವೂ ಹೊರಟುಹೋದರು.

ಆ ಕಡೆ ಹೋಗುವವರು ಕನಿಷ್ಠ ಮೂರು ಗಂಟೆ ಬಿಡುವು ಮಾಡಿಕೊಳ್ಳಿ. ಆಟದ ಬಂಡಿಗಳು ಇಲ್ಲಿಲ್ಲ, ಓದುವುದು ಬಹಳ. ತೀರಾ ಚಿಕ್ಕ ಮಕ್ಕಳಿಗೆ ಬೇಸರವಾದೀತು. ಡಿಸ್ನಿಲ್ಯಾಂಡಿನ ಪುಟ್ಟ ಮಾದರಿ, ವಾಲ್ಟ್ ತಮ್ಮ ಹಿತ್ತಿಲಲ್ಲಿ ಓಡಿಸುತ್ತಿದ್ದ ಸಣ್ಣ ಉಗಿಬಂಡಿಯ ಎಂಜಿನ್ ಎರಡನ್ನೂ ಮರೆಯದೆ ನೋಡಿ. ಒಳಗಿನ ಗಾಜಿನ ಕಿಟಕಿಯಿಂದ ಸೇತುವೆಯೂ ಕಾಣುತ್ತದೆ, ಮಂಜು ಇಲ್ಲದಿದ್ದರೆ.