ಮುಚ್ಚಳ ಇರುವ ಬಾಟಲಿ

ಕಳೆದ ಏಪ್ರಿಲ್‌ನಲ್ಲಿ ಒಂದು ಸಂಜೆ ಮನೆಗೆ ಐಸ್‌ಕ್ರೀಂ ತಂದಿದ್ದೆ. ದಾವಣಗೆರೆಯ ಬೇಸಿಗೆ ನಿಮಗೂ ಗೊತ್ತಿರಬಹುದು. ಸಂಜೆ ಏಳಾದರೂ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ಹತ್ತು ವರ್ಷದ ಮೊಮ್ಮಗ ಒಂದು ಚಮಚ ಬಾಯಿಗಿಟ್ಟವನು ಮುಖ ಕಿವುಚಿ, "ಹಲ್ಲು ಜುಮ್ ಅಂತೈತಿ ಅಜ್ಜ, ನಂಗೆ ಬ್ಯಾಡ" ಎಂದು ಬಟ್ಟಲು ಸರಿಸಿಬಿಟ್ಟ. ಆ ವಯಸ್ಸಿನ ಹುಡುಗ ಐಸ್‌ಕ್ರೀಂ ಬೇಡ ಎಂದರೆ ಮನೆಯವರಿಗೆ ಗಾಬರಿಯಾಗದೆ ಇರುತ್ತದೆಯೇ? ಸೊಸೆ ಅವನ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದಳು. ಹುಳುಕು ಎಲ್ಲೂ ಕಾಣಲಿಲ್ಲ. ಆದರೆ ಮುಂದಿನ ಎರಡು ದೊಡ್ಡ ಹಲ್ಲುಗಳ ತುದಿ ಗಾಜಿನ ಹಾಗೆ ತೆಳ್ಳಗಾಗಿ, ಬೆಳಕು ಬಿಟ್ಟರೆ ಆಚೆ ಕಾಣುವಂತಿತ್ತು.

ಆ ಹಲ್ಲುಗಳು ಬಂದು ಮೂರು ವರ್ಷವಾಗಿತ್ತಷ್ಟೆ. ಅದಕ್ಕೂ ಮೊದಲು ಅಲ್ಲಿದ್ದ ಹಾಲುಹಲ್ಲು ಬಿದ್ದಾಗ ಸಗಣಿ ಉಂಡೆಯೊಳಗಿಟ್ಟು ಮಾಳಿಗೆ ಮೇಲೆ ಎಸೆದವನು ನಾನೇ. ಹಾಲುಹಲ್ಲು ಹೋದರೆ ಇನ್ನೊಂದು ಬರುತ್ತದೆ. ಇದು ಹೋದರೆ ಬರುವುದಿಲ್ಲ.

"ಚಾಕೊಲೇಟ್ ಯಾರು ಕೊಡಿಸ್ತಿದಾರೋ" ಎಂದು ಸೊಸೆ ಗೊಣಗಿಕೊಂಡಳು. ನಾನು ಪೇಪರ್ ಎತ್ತಿಕೊಂಡು ಕೂತೆ. ಚಾಕೊಲೇಟ್ ಕೊಡಿಸಿರಲಿಲ್ಲ, ಆ ಮಟ್ಟಿಗೆ ನಿಜ. ಆದರೆ ನಿವೃತ್ತಿಯಾದ ಮೇಲೆ ಮನೆಯಲ್ಲಿ ನನಗೆ ಉಳಿದ ಜವಾಬ್ದಾರಿಯ ಕೆಲಸವೆಂದರೆ ಮೊಮ್ಮಗನನ್ನು ಶಾಲೆಯಿಂದ ಕರೆತರುವುದು. ದಾರಿಯ ಮೂಲೆಯಲ್ಲೊಂದು ಅಂಗಡಿ. ಬಿಸಿಲಲ್ಲಿ ಬೆವತು ಬಂದ ಮಗು ತಣ್ಣಗಿನ ಬಾಟಲಿಯ ಕಡೆ ನೋಡಿದರೆ ಯಾವ ಅಜ್ಜ ತಾನೇ ಇಲ್ಲ ಅನ್ನುತ್ತಾನೆ? ಮೊದಲು ವಾರಕ್ಕೊಮ್ಮೆ ಇದ್ದದ್ದು ದಿನಾ ಆಯಿತು. "ಅಮ್ಮಂಗೆ ಹೇಳಬೇಡ" ಎಂಬ ಒಪ್ಪಂದವೂ ಆಗಿತ್ತು. ಸಣ್ಣ ಬಾಟಲಿ, ದಿನಕ್ಕೆ ಒಂದೇ ಒಂದು, ಅಷ್ಟರಿಂದ ಏನಾದೀತು ಎಂಬುದು ನನ್ನ ಲೆಕ್ಕ.

ದಂತವೈದ್ಯರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹುಡುಗನ ಬಾಯಿ ನೋಡಿ, "ಇದು ಹುಳುಕಲ್ಲ, ಸವೆತ. ಹುಳಿಯಿಂದ ಆಗೋದು. ಏನು ಕುಡೀತಾನೆ?" ಎಂದರು. ಸೊಸೆ "ಹಾಲು, ನೀರು, ಅಷ್ಟೆ" ಎಂದಳು. ಮೊಮ್ಮಗ ಕುರ್ಚಿಯಲ್ಲಿ ಮಲಗಿದ್ದಲ್ಲಿಂದಲೇ ಕಣ್ಣು ತಿರುಗಿಸಿ ನನ್ನನ್ನು ನೋಡಿದ. ಪಾಪ, ಅವನು ಒಪ್ಪಂದ ಮುರಿಯಲಿಲ್ಲ. ನಾನೇ ಹೇಳಬೇಕಾಯಿತು. ಸೊಸೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೋ ಏನೋ.

ವೈದ್ಯರು ಕೇಳಿದ ಮುಂದಿನ ಪ್ರಶ್ನೆ ನನಗೆ ವಿಚಿತ್ರವೆನಿಸಿತು. ಎಷ್ಟು ಕುಡಿಯುತ್ತಾನೆ ಎಂದಲ್ಲ, ಎಷ್ಟು ಹೊತ್ತು ಕುಡಿಯುತ್ತಾನೆ ಎಂದು! ನಾಲ್ಕು ಗಂಟೆಗೆ ಕೊಂಡ ಬಾಟಲಿ ಅವನ ಬ್ಯಾಗಿನ ಪಕ್ಕದ ಜೇಬಿನಲ್ಲಿರುತ್ತಿತ್ತು. ಒಂದು ಗುಟುಕು, ಮುಚ್ಚಳ ತಿರುಪು. ಆಟದ ನಡುವೆ ಒಂದು ಗುಟುಕು, ಹೋಂವರ್ಕ್ ಮಾಡುತ್ತಾ ಒಂದು, ಬಾಯಲ್ಲಿ ಸ್ವಲ್ಪ ಹೊತ್ತು ಗುಳುಗುಳು ಆಡಿಸಿ ನುಂಗುವುದು. ಕೊನೆಯದು ಕೆಲವು ಸಲ ಮಲಗುವ ಮುನ್ನ. ಅಷ್ಟು ಹೊತ್ತಿಗೆ ಗ್ಯಾಸ್ ಹೋಗಿ ಸಪ್ಪೆಯಾಗಿದ್ದರೂ ಅವನಿಗೆ ಅದೇ ರುಚಿ.

ಅವರು ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಹಲ್ಲಿನ ಮೇಲಿರುವ ಎನಾಮಲ್ ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ಮೂಳೆಗಿಂತ ಗಟ್ಟಿ. ಬಹುಪಾಲು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದದ್ದು. ಆದರೆ ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಎನಾಮಲ್ಲಿನಲ್ಲಿ ಜೀವಕೋಶಗಳೇ ಇಲ್ಲದ್ದರಿಂದ ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಹುಳಿಯನ್ನು ಪಿಎಚ್ ಎಂಬ ಅಂಕದಲ್ಲಿ ಅಳೆಯುತ್ತಾರೆ: 7 ಎಂದರೆ ಶುದ್ಧ ನೀರು, ಕೆಳಗಿಳಿದಷ್ಟೂ ಹುಳಿ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಶುರು. ಕೋಲಾದ ಪಿಎಚ್ 2.5ರ ಆಸುಪಾಸು. ಮೂರೇ ಅಂಕದ ವ್ಯತ್ಯಾಸ ತಾನೇ ಎಂದುಕೊಂಡೆ. ಆದರೆ ಈ ಲೆಕ್ಕದಲ್ಲಿ ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದಂತೆ. ಮೂರು ಅಂಕಕ್ಕೆ ಸಾವಿರ ಪಟ್ಟು! ಇಂಥ ಚಕ್ರಬಡ್ಡಿಯನ್ನು ನಾನು ಯಾವ ಲೆಡ್ಜರಿನಲ್ಲೂ ನೋಡಿರಲಿಲ್ಲ.

ಈ ಹುಳಿಯನ್ನು ತೊಳೆದು ಶಮನ ಮಾಡುವುದು ನಮ್ಮ ಜೊಲ್ಲು. ಮೆತ್ತಗಾದ ಮೇಲ್ಪದರಕ್ಕೆ ಕ್ಯಾಲ್ಸಿಯಂ ಮರಳಿ ಜಮಾ ಮಾಡುವುದೂ ಅದೇ. ಆದರೆ ಅದಕ್ಕೆ ಅರ್ಧ ಗಂಟೆ, ಒಂದು ಗಂಟೆ ಬಿಡುವು ಬೇಕು. ಅಷ್ಟರಲ್ಲಿ ಇನ್ನೊಂದು ಗುಟುಕು ಬಿದ್ದರೆ ಮೊದಲಿನಿಂದ ಶುರು. ರಾತ್ರಿ ನಿದ್ದೆಯಲ್ಲಿ ಜೊಲ್ಲು ಊರುವುದೇ ಕಡಿಮೆ, ಹಾಗಾಗಿ ಮಲಗುವ ಮುಂಚಿನ ಗುಟುಕು ಎಲ್ಲಕ್ಕಿಂತ ಕೆಟ್ಟದ್ದು.

ನಮ್ಮ ಕಾಲದಲ್ಲಿ ಉಳಿತಾಯ ಖಾತೆಗೆ ಬಡ್ಡಿ ಹಾಕುವಾಗ ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಇದ್ದ ಕನಿಷ್ಠ ಶಿಲ್ಕನ್ನಷ್ಟೇ ಹಿಡಿಯುತ್ತಿದ್ದೆವು. 2010ರ ಏಪ್ರಿಲ್‌ನಿಂದ ಅದು ದಿನದಿನದ ಶಿಲ್ಕಿನ ಮೇಲೆ ಬಂತು. ಎಷ್ಟು ಹಣ ಎಂಬುದರ ಜೊತೆ ಎಷ್ಟು ದಿನ ಇತ್ತು ಎಂಬುದೂ ಲೆಕ್ಕಕ್ಕೆ ಸೇರಿತು. ನಾನು ಮೊಮ್ಮಗನ ಬಾಟಲಿಯನ್ನು ಹಳೆಯ ಪದ್ಧತಿಯಲ್ಲಿ ಎಣಿಸುತ್ತಿದ್ದೆ. ಅವನ ಹಲ್ಲು ಹೊಸ ಪದ್ಧತಿಯಲ್ಲಿ ಎಣಿಸುತ್ತಿತ್ತು.

ಮನೆಗೆ ಬಂದ ಮೇಲೆ ನನ್ನ ತಲೆಯಲ್ಲಿ ಒಂದು ವಿಷಯ ಕೊರೆಯುತ್ತಿತ್ತು. ನಾವೂ ಕುಡಿದಿದ್ದೆವಲ್ಲ? 1977ರಲ್ಲಿ ಕೋಕಾ-ಕೋಲಾ ದೇಶ ಬಿಟ್ಟು ಹೋದಾಗ ನಾನು ಬ್ಯಾಂಕಿಗೆ ಸೇರಿ ನಾಲ್ಕು ವರ್ಷ. ಅದಕ್ಕೂ ಮುಂಚೆ ಗೋಲಿ ಸೋಡ, ಗೋಲ್ಡ್ ಸ್ಪಾಟ್. ಯಾರದಾದರೂ ಪ್ರಮೋಷನ್ ಆದರೆ ಎಲ್ಲರಿಗೂ ಒಂದೊಂದು. ಆಗ ಗಾಜಿನ ಬಾಟಲಿ. ಓಪನರಿನಿಂದ ಬಿರಡೆ ಕಿತ್ತರೆ ಮತ್ತೆ ಮುಚ್ಚುವ ಮಾತೇ ಇಲ್ಲ. ಅಂಗಡಿಯವನು ಸ್ಟ್ರಾ ಹಾಕಿ ಕೊಡುತ್ತಿದ್ದ, ಬಾಟಲಿ ವಾಪಸ್ ಬರುವವರೆಗೆ ಒಂದು ಕಣ್ಣು ನಮ್ಮ ಮೇಲೇ ಇಟ್ಟಿರುತ್ತಿದ್ದ. ನಿಂತಲ್ಲೇ ಐದು ನಿಮಿಷದಲ್ಲಿ ಕುಡಿದು ಕ್ರೇಟಿಗೆ ಇಟ್ಟು ಬರುತ್ತಿದ್ದೆವು. ಅದೇ ಹುಳಿ, ಅದೇ ಸಕ್ಕರೆ. ಆದರೆ ಹಲ್ಲಿಗೆ ತಾಗಿದ್ದು ಐದು ನಿಮಿಷ, ಅದೂ ತಿಂಗಳಿಗೊಮ್ಮೆ. ತಿರುಪು ಮುಚ್ಚಳದ ಪ್ಲಾಸ್ಟಿಕ್ ಬಾಟಲಿ ಬಂದ ಮೇಲೆ ಆ ಐದು ನಿಮಿಷ ಐದು ಗಂಟೆಯಾಯಿತು. ಅಂಗಡಿಯವನ ಆ ಗದರಿಕೆ ನಮ್ಮ ಹಲ್ಲು ಕಾಯುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಹಾಗೆಂದು ನನ್ನ ಹಲ್ಲು ಚೆನ್ನಾಗಿದೆ ಎಂದು ಬೀಗುವ ಹಾಗೂ ಇಲ್ಲ. ಮೊಮ್ಮಗನ ಹಲ್ಲಿಗೆ ಫ್ಲೋರೈಡ್ ಲೇಪ ಹಚ್ಚಿಸಲು ಎರಡನೇ ಸಲ ಹೋದಾಗ ವೈದ್ಯರು, "ಸರ್, ನೀವೂ ಒಮ್ಮೆ ಕೂತ್ಕೊಳ್ಳಿ" ಎಂದರು. ನನ್ನ ದವಡೆ ಹಲ್ಲುಗಳ ಮೇಲೆ ಸಣ್ಣ ಸಣ್ಣ ಗುಳಿ ಬಿದ್ದು ಅಳಗುಳಿ ಮಣೆಯ ಹಾಗೆ ಆಗಿತ್ತು. ಕನ್ನಡಿ ಹಿಡಿದು ತೋರಿಸಿದರು. ಬಣ್ಣವೂ ಹಳದಿ, ಎನಾಮಲ್ ತೆಳುವಾಗಿ ಒಳಗಿನ ಪದರ ಕಾಣುತ್ತಿದೆ ಎಂದರು. ನಾನು ಬಾಟಲಿಯ ಪಾನೀಯ ಮುಟ್ಟದೆ ಎಷ್ಟೋ ವರ್ಷವಾಯಿತು ಎಂದು ವಾದಿಸಿದೆ. "ನಿಂಬೆಹಣ್ಣು?" ಎಂದು ಕೇಳಿದರು.

ನಿವೃತ್ತಿಯಾದ ದಿನದಿಂದ ನಾನು ಬೆಳಿಗ್ಗೆ ಬಿಸಿನೀರಿಗೆ ನಿಂಬೆರಸ ಹಿಂಡಿಕೊಂಡು ಕುಡಿಯುತ್ತಿದ್ದೇನೆ. ನಿಧಾನವಾಗಿ, ಪೇಪರ್ ಓದುತ್ತಾ. ಆಮೇಲೆ ಎದ್ದು ಗಟ್ಟಿ ಬ್ರಷ್‌ನಿಂದ ಗಸಗಸ ಉಜ್ಜುವುದು. ನಿಂಬೆರಸ ಕೋಲಾಗೆ ಸರಿಸಮ ಹುಳಿ. ಹುಳಿ ತಾಗಿ ಮೆತ್ತಗಾದ ಪದರವನ್ನು ನಾನು ದಿನಾ ಬ್ರಷ್ ಹಾಕಿ ಕೆರೆದು ತೆಗೆಯುತ್ತಿದ್ದೆ. ಸ್ವಚ್ಛತೆ ಎಂದುಕೊಂಡಿದ್ದೆ.

ಈ ಕಥೆಯನ್ನೆಲ್ಲ ಮನೆಯಾಕೆಗೆ ಹೇಳಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಅಡುಗೆಮನೆಗೆ ಕರೆದು ಕಡಪ ಕಲ್ಲಿನ ಕಟ್ಟೆ ತೋರಿಸಿದಳು. ಹಿಂಡಿದ ನಿಂಬೆಹೋಳು ಇಟ್ಟು ಮರೆತ ಕಡೆಯೆಲ್ಲ ಕಪ್ಪು ಕಲ್ಲಿನ ಹೊಳಪು ಹೋಗಿ ಬಿಳಿಚಿದ ಕಲೆ. "ಎಷ್ಟು ತಿಕ್ಕಿದರೂ ಹೋಗಲ್ಲ, ಕಲ್ಲೇ ತಿಂದುಹೋಗಿರುತ್ತೆ" ಎಂದಳು. ಹಲ್ಲು ಬೇರೆ, ಸುಣ್ಣದಕಲ್ಲು ಬೇರೆ, ಆದರೆ ಎರಡರಲ್ಲೂ ಕ್ಯಾಲ್ಸಿಯಂ ಇದೆ, ಎರಡೂ ಹುಳಿಗೆ ಸೋಲುತ್ತವೆ. ಮೂವತ್ತು ವರ್ಷದಿಂದ ಆ ಕಲೆ ಅಲ್ಲೇ ಇತ್ತು. ನಾನು ಅಡುಗೆಮನೆಗೆ ಹೋದವನಲ್ಲ, ಅದು ಬೇರೆ ವಿಷಯ.

ಹುಡುಗರ ಬಾಯಲ್ಲಿ ಒಂದು ಮಾತಿದೆ: ಕೋಲಾದಲ್ಲಿ ಹಲ್ಲು ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಮಾಯ ಎಂದು. ಮೊಮ್ಮಗನೂ ವೈದ್ಯರನ್ನು ಕೇಳಿದ. ಹಾಗೆಲ್ಲ ಒಂದು ರಾತ್ರಿಯಲ್ಲಿ ಕರಗುವುದಿಲ್ಲ ಎಂದು ನಕ್ಕರು. ನಾನೊಂದು ಉಪಾಯ ಮಾಡಿದ್ದೆ, ಸಕ್ಕರೆಯಿಲ್ಲದ ಬಾಟಲಿ ಕೊಡಿಸಿದರೆ ಹೇಗೆ ಅಂತ. ಅವರು ಲೇಬಲ್ ಓದಿ ಎಂದರು. ಭೂತಗನ್ನಡಿ ಹಿಡಿದು ಓದಿದೆ. ಕೋಲಾದ ಮೇಲೆ ಆಸಿಡಿಟಿ ರೆಗ್ಯುಲೇಟರ್ 338 ಎಂದಿರುತ್ತದೆ, ಅದು ಫಾಸ್ಫರಿಕ್ ಆಮ್ಲ. ನಿಂಬೆ, ಕಿತ್ತಳೆ ರುಚಿಯದರಲ್ಲಿ 330, ಸಿಟ್ರಿಕ್ ಆಮ್ಲ. ಸಕ್ಕರೆ ಸೊನ್ನೆ ಎಂದು ದೊಡ್ಡದಾಗಿ ಬರೆದ ಕೋಲಾದಲ್ಲೂ ಆ 338 ಇದ್ದೇ ಇತ್ತು. ಮಜ್ಜಿಗೆಯೂ ಹುಳಿಯಲ್ಲವೇ ಎಂಬ ನಮ್ಮಾಕೆಯ ಪ್ರಶ್ನೆಗೆ ಮಾತ್ರ ಸಮಾಧಾನದ ಉತ್ತರ ಸಿಕ್ಕಿತು. ಅದರಲ್ಲೇ ಕ್ಯಾಲ್ಸಿಯಂ ತುಂಬಿರುವುದರಿಂದ ಹಲ್ಲಿನಿಂದ ಕಿತ್ತುಕೊಳ್ಳುವ ಅಗತ್ಯ ಅದಕ್ಕಿಲ್ಲವಂತೆ.

ಈಗ ಶಾಲೆಗೆ ಹೋಗುವಾಗ ನನ್ನ ಚೀಲದಲ್ಲಿ ಮಜ್ಜಿಗೆಯ ಸೀಸೆ ಇರುತ್ತದೆ. ಮೊದಲ ವಾರ ಮೊಮ್ಮಗ ನನ್ನ ಜೊತೆ ಮಾತಾಡಲಿಲ್ಲ. ಬಾಟಲಿ ಪೂರ್ತಿ ನಿಂತಿಲ್ಲ, ಸುಳ್ಳೇಕೆ ಹೇಳಲಿ. ಹಬ್ಬಕ್ಕೋ ಹುಟ್ಟಿದ ದಿನಕ್ಕೋ ಒಂದು ಲೋಟ, ಊಟದ ಜೊತೆಗೇ, ಸ್ಟ್ರಾ ಮುಂಹಲ್ಲು ದಾಟಿ ಒಳಗಿರುವಂತೆ, ಬಾಯಲ್ಲಿ ಆಡಿಸದೆ. ಮುಗಿದ ಕೂಡಲೇ ನೀರು ಮುಕ್ಕಳಿಸುವುದು. ಬ್ರಷ್ ಮಾತ್ರ ಒಂದು ಗಂಟೆ ಮುಟ್ಟುವ ಹಾಗಿಲ್ಲ. ಸವೆದ ತುದಿ ಸವೆದದ್ದೇ; ಇನ್ನು ಮುಂದೆ ಹೋಗದಂತೆ ಆರು ತಿಂಗಳಿಗೊಮ್ಮೆ ತೋರಿಸಿ ಎಂದಿದ್ದಾರೆ. ಕಳೆದ ತಿಂಗಳು ಐಸ್‌ಕ್ರೀಂ ತಿಂದ. ಸೊಸೆ ಅವತ್ತು, "ಮಾವ, ನಿಮಗೂ ಒಂದು ಬಟ್ಟಲು ಹಾಕ್ಲಾ?" ಎಂದು ಕೇಳಿದಳು.

ನನ್ನ ನಿಂಬೆನೀರು ವಾರಕ್ಕೆ ಎರಡು ದಿನಕ್ಕೆ ಇಳಿದಿದೆ, ಬ್ರಷ್ ಮೆತ್ತನೆಯದಾಗಿದೆ. ಆ ಎರಡು ದಿನ ಮೊಮ್ಮಗ ಬಚ್ಚಲುಮನೆ ಬಾಗಿಲಲ್ಲೇ ಗಡಿಯಾರ ನೋಡುತ್ತಾ ನಿಂತಿರುತ್ತಾನೆ. ನಾನು ಬ್ರಷ್ ಎತ್ತಿಕೊಂಡರೆ ಸಾಕು, "ಅಜ್ಜ, ಇನ್ನೂ ಹನ್ನೆರಡು ನಿಮಿಷ ಐತಿ" ಎನ್ನುತ್ತಾನೆ.